ಕೆಲ್ಟಿಕ್ ಸಂಗೀತವನ್ನು ಕೇಳುವ, ನುಡಿಸುವ ಮತ್ತು ಅದರ ವಲಸೆಯ ಜಾಡು ಹಿಡಿಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಐರ್ಲೆಂಡ್ ಅಥವಾ ಸ್ಕಾಟ್ಲೆಂಡಿನ ಸಾಂಪ್ರದಾಯಿಕ ವಾದ್ಯಸಂಗೀತವನ್ನು ಹೊಸದಾಗಿ ಕೇಳುವವರು ಸಾಮಾನ್ಯವಾಗಿ ಹೇಳುವ ಮಾತೆಂದರೆ, ಎಲ್ಲ ಮಟ್ಟುಗಳೂ ಒಂದೇ ಬಗೆಯಾಗಿ ಕೇಳಿಸುತ್ತವೆ ಎಂಬುದು. ಎಲ್ಲಿಂದ ಎಣಿಸಬೇಕು, ಯಾವುದನ್ನು ಗಮನಿಸಬೇಕು ಎಂಬುದು ತಿಳಿಯುವವರೆಗೆ ಈ ದೂರು ಉಳಿದೇ ಇರುತ್ತದೆ. ಸರಳೆ ಮತ್ತು ಜಂಟಿವರಸೆಗಳನ್ನು ಅಭ್ಯಾಸ ಮಾಡಿದವರಿಗೆ, ಅಥವಾ ಆದಿತಾಳವನ್ನು ಕೈಯಲ್ಲಿ ಹಾಕಬಲ್ಲವರಿಗೆ, ಈ ಎಣಿಕೆಯ ಅರ್ಧ ಭಾಗ ಈಗಾಗಲೇ ಗೊತ್ತಿರುತ್ತದೆ. ಆದ್ದರಿಂದ ಇಲ್ಲಿನ ವಿವರಣೆಯಲ್ಲಿ ಕರ್ನಾಟಕ ಸಂಗೀತದ ಪರಿಭಾಷೆಯನ್ನು ಧಾರಾಳವಾಗಿ ಬಳಸಲಾಗಿದೆ. ನನ್ನ ಸಲಹೆಯ ಸಾರ ಇಷ್ಟು: ಇತಿಹಾಸದಿಂದಾಗಲಿ ಪ್ರಸಿದ್ಧ ತಂಡಗಳ ಪಟ್ಟಿಯಿಂದಾಗಲಿ ಆರಂಭಿಸದೆ, ಒಂದೇ ಒಂದು ಮಟ್ಟನ್ನು ಕಿವಿಯಿಂದ ಕಲಿತು, ಅದನ್ನು ಕೈಯಲ್ಲಿ ಹಿಡಿದುಕೊಂಡು ಈ ಸಂಗೀತ ಹೋದ ಊರುಗಳಿಗೆಲ್ಲ ಹೋಗಬೇಕು.

ಹಂತ 1: ವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳುವುದು

ಕೆಲ್ಟಿಕ್ ಎಂಬುದು ಮೂಲತಃ ಒಂದು ಭಾಷಾ ಕುಟುಂಬದ ಹೆಸರು. ಐರಿಷ್, ಸ್ಕಾಟಿಷ್ ಗೇಲಿಕ್ ಮತ್ತು ಮ್ಯಾಂಕ್ಸ್ ಅದರ ಒಂದು ಕವಲಿಗೆ ಸೇರುತ್ತವೆ. ವೆಲ್ಷ್, ಕಾರ್ನಿಷ್ ಮತ್ತು ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೆಟನ್ ಇನ್ನೊಂದಕ್ಕೆ. ಸಂಗೀತಕ್ಕೆ ಈ ಹೆಸರು ವ್ಯಾಪಕವಾಗಿ ಅಂಟಿಕೊಂಡದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಬ್ರಿಟನಿಯ ಲೋರಿಯಾಂ ಪಟ್ಟಣದಲ್ಲಿ ಅಂತರ-ಕೆಲ್ಟಿಕ್ ಉತ್ಸವ ಆರಂಭವಾದದ್ದು 1971ರಲ್ಲಿ. ಗ್ಲಾಸ್ಗೊ ನಗರದ ಪ್ರಸಿದ್ಧ ಚಳಿಗಾಲದ ಉತ್ಸವ ಆರಂಭವಾದದ್ದು 1994ರಲ್ಲಿ. ಸ್ಪೇನಿನ ಗಲೀಸಿಯಾ ಮತ್ತು ಆಸ್ತೂರಿಯಾಸ್ ಪ್ರಾಂತಗಳಲ್ಲಿ ಇಂದು ಯಾವ ಕೆಲ್ಟಿಕ್ ಭಾಷೆಯೂ ಬಳಕೆಯಲ್ಲಿಲ್ಲ, ಆದರೂ ಅಲ್ಲಿನ ಚೀಲವಾದ್ಯದ (ಬ್ಯಾಗ್‌ಪೈಪ್) ಕಲಾವಿದರು ಇದೇ ಬಳಗದಲ್ಲಿ ತಮ್ಮನ್ನು ಎಣಿಸಿಕೊಳ್ಳುತ್ತಾರೆ. ಅಂದರೆ ಈ ಹೆಸರಿನ ಕೆಳಗೆ ಇರುವುದು ಪರಸ್ಪರ ನೆಂಟಸ್ತಿಕೆ ಇರುವ ಹಲವು ಸಂಗೀತಗಳು. ಅವುಗಳಲ್ಲಿ ಧ್ವನಿಮುದ್ರಣಗಳೂ ಕಲಿಕೆಯ ಸಾಮಗ್ರಿಯೂ ಹೇರಳವಾಗಿ ಸಿಗುವ ಐರ್ಲೆಂಡಿನ ಕುಣಿತದ ಸಂಗೀತವನ್ನು ಬಾಗಿಲಾಗಿಟ್ಟುಕೊಂಡು ಒಳಗೆ ಹೋಗುವುದು ಅನುಕೂಲ.

ಹಂತ 2: ನಡೆಯನ್ನು ಗುರುತಿಸುವುದು

ಈ ಸಂಗೀತದ ಬಹುಪಾಲು ಕಾಲಿಗಾಗಿ, ಅಂದರೆ ಕುಣಿತಕ್ಕಾಗಿ, ಹುಟ್ಟಿದ್ದು. ಆದ್ದರಿಂದ ಒಂದು ಮಟ್ಟನ್ನು ಕೇಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದು ಯಾವ ಕುಣಿತಕ್ಕೆ ಸೇರಿದ್ದು ಎಂಬುದೇ. ಪ್ರತಿ ಪೆಟ್ಟಿಗೂ ‘ತಕಿಟ’ ಎಂದು ಮೂರು ಮಾತ್ರೆಗಳು ಕೂತರೆ ಅದು ಜಿಗ್. ‘ತಕಧಿಮಿ’ ಎಂದು ನಾಲ್ಕು ಕೂತರೆ ರೀಲ್. ಜಿಗ್‌ನ ಒಂದು ಅಳತೆಯಲ್ಲಿ (ಸ್ವರಲಿಪಿಯ ಎರಡು ಅಡ್ಡಗೆರೆಗಳ ನಡುವಿನ ಭಾಗದಲ್ಲಿ) ಎರಡು ತಕಿಟಗಳಿದ್ದರೆ, ಸ್ಲಿಪ್ ಜಿಗ್ ಎಂಬ ಪ್ರಭೇದದಲ್ಲಿ ಮೂರು ಇರುತ್ತವೆ; ಮೂರು ಪೆಟ್ಟಿನ ರೂಪಕವನ್ನು ತಿಶ್ರ ನಡೆಯಲ್ಲಿ ಹಾಕಿದರೆ ಅದು ಸರಿಯಾಗಿ ಹೊಂದುತ್ತದೆ. ಹಾರ್ನ್‌ಪೈಪ್ ಎಂಬುದು ರೀಲ್‌ನಂತೆಯೇ ನಾಲ್ಕರ ನಡೆಯದಾದರೂ ನಿಧಾನವಾದದ್ದು, ಒಂದು ಸ್ವರ ಉದ್ದ, ಮುಂದಿನದು ಗಿಡ್ಡ ಎಂಬಂತೆ ಕುಪ್ಪಳಿಸುತ್ತ ಸಾಗುವಂಥದ್ದು. ಪೋಲ್ಕ ಮತ್ತು ಸ್ಲೈಡ್‌ಗಳು ಕಾರ್ಕ್ ಮತ್ತು ಕೆರಿ ಜಿಲ್ಲೆಗಳ ಗಡಿಯಲ್ಲಿರುವ ಸ್ಲೀವ್ ಲೂಕ್ರ ಪ್ರದೇಶದಲ್ಲಿ ಬಹಳ ಪ್ರೀತಿಯವು. ಸ್ಕಾಟ್ಲೆಂಡಿನದೇ ಆದ ಸ್ಟ್ರಾತ್‌ಸ್ಪೇಯಲ್ಲಿ ಗಿಡ್ಡ ಸ್ವರವೇ ಮೊದಲು ಬಂದು ಅದರ ಮೇಲೆಯೇ ಒತ್ತು ಬೀಳುತ್ತದೆ. ಒಂದು ಸಲ ಕೇಳಿದರೆ ಈ ಕೊಂಕು ಮರೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಕಿಟದ ಮೂರು ಮಾತ್ರೆಗಳನ್ನು ನಾವು ಸಮನಾಗಿ ಉಚ್ಚರಿಸುತ್ತೇವೆ. ಜಿಗ್ ನುಡಿಸುವವರು ಹಾಗೆ ಮಾಡುವುದಿಲ್ಲ. ಮೊದಲನೆಯದು ಸ್ವಲ್ಪ ಹಿಗ್ಗುತ್ತದೆ, ಎರಡನೆಯದು ಕುಗ್ಗುತ್ತದೆ, ಮೂರನೆಯದು ಮುಂದಿನ ಪೆಟ್ಟಿನತ್ತ ತಳ್ಳುತ್ತದೆ. ಸ್ವರಲಿಪಿಯಲ್ಲಿ ಇದು ಕಾಣಿಸುವುದಿಲ್ಲ. ಪುಸ್ತಕದಿಂದ ಕಲಿತವರ ನುಡಿಕೆ ಲೆಕ್ಕಕ್ಕೆ ಸರಿಯಾಗಿದ್ದರೂ ಕುಣಿಯುವವರ ಕಾಲೆತ್ತಿಸದೆ ಹೋಗುವುದು ಇದೇ ಕಾರಣಕ್ಕೆ.

ಹಂತ 3: ಮಟ್ಟಿನ ಕಟ್ಟಡವನ್ನು ಆದಿತಾಳದಿಂದ ಅಳೆಯುವುದು

ಬಹುಪಾಲು ಜಿಗ್ ಮತ್ತು ರೀಲ್‌ಗಳಿಗೆ ಎರಡು ಭಾಗಗಳಿರುತ್ತವೆ. ಪ್ರತಿ ಭಾಗವೂ ಎಂಟು ಅಳತೆಗಳದು, ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸುತ್ತಾರೆ, ಹೀಗೆ ಒಂದು ಸುತ್ತಿಗೆ 32 ಅಳತೆಗಳು. ಒಂದು ಅಳತೆಗೆ ಎರಡು ಪೆಟ್ಟುಗಳೆಂದು ಹಿಡಿದರೆ ಎಂಟು ಅಳತೆಗಳಿಗೆ 16 ಪೆಟ್ಟುಗಳಾಗುತ್ತವೆ, ಅಂದರೆ ಆದಿತಾಳದ ಎರಡು ಆವರ್ತಗಳು. ಇಡೀ ಸುತ್ತು ಎಂಟು ಆವರ್ತಗಳಲ್ಲಿ ಮುಗಿಯುತ್ತದೆ. ನುರಿತವರು ನಿಮಿಷಕ್ಕೆ ಸುಮಾರು 110ರಿಂದ 120 ಪೆಟ್ಟುಗಳ ವೇಗದಲ್ಲಿ ನುಡಿಸುವುದರಿಂದ ಈ ಸುತ್ತಿಗೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಸಾಕು. ಎರಡು ಮೂರು ಸುತ್ತುಗಳಾದ ಮೇಲೆ ನಿಲ್ಲಿಸದೆ ಇನ್ನೊಂದು ಮಟ್ಟಿಗೆ ಜಿಗಿಯುತ್ತಾರೆ. ಹೀಗೆ ಪೋಣಿಸಿದ ಎರಡು ಮೂರು ಮಟ್ಟುಗಳ ಮಾಲೆಯನ್ನು ಸೆಟ್ ಎನ್ನುತ್ತಾರೆ.

ಯಾವುದೇ ಧ್ವನಿಮುದ್ರಣವನ್ನು ಹಾಕಿಕೊಂಡು ತೊಡೆಯ ಮೇಲೆ ಆದಿತಾಳ ಹಾಕುತ್ತ ಕೂರಿ. ಎರಡು ಆವರ್ತ ಮುಗಿದಾಗ ಅದೇ ಭಾಗ ಮರಳುತ್ತದೆ, ನಾಲ್ಕು ಮುಗಿದಾಗ ಮಟ್ಟು ಮೇಲಿನ ಸ್ಥಾಯಿಗೆ ತಿರುಗುತ್ತದೆ, ಎಂಟು ಮುಗಿದಾಗ ಮೊದಲಿಗೆ ಬರುತ್ತದೆ. ಎರಡನೆಯ ಭಾಗ ಹೆಚ್ಚಾಗಿ ಮೇಲಿನ ಸ್ವರಗಳಲ್ಲೇ ಓಡಾಡುವುದರಿಂದ ಅದನ್ನು ನಮ್ಮ ಅನುಪಲ್ಲವಿಯ ನೆನಪಿನಿಂದಲೇ ಹಿಡಿಯಬಹುದು. ಎಲ್ಲವೂ ಒಂದೇ ಎನಿಸುತ್ತಿದ್ದದ್ದು ಬೇರೆ ಬೇರೆಯಾಗಿ ಕೇಳಿಸತೊಡಗುವುದು ಈ ಹಂತದಲ್ಲೇ.

ಹಂತ 4: ಸ್ವರಸಮೂಹವನ್ನು ಹಿಡಿಯುವುದು

ಐರಿಷ್ ಮತ್ತು ಸ್ಕಾಟಿಷ್ ಮಟ್ಟುಗಳು ಪ್ರಧಾನವಾಗಿ ನಾಲ್ಕು ಸ್ವರಸಮೂಹಗಳಲ್ಲಿ ನಿಂತಿವೆ. ಯುರೋಪಿನ ಹೆಸರಿನಲ್ಲಿ ಅಯೋನಿಯನ್ ಎನ್ನುವುದು ನಮ್ಮ ಶಂಕರಾಭರಣದ ಸ್ವರಗಳು, ಮಿಕ್ಸೊಲಿಡಿಯನ್ ಹರಿಕಾಂಭೋಜಿಯವು, ಡೋರಿಯನ್ ಖರಹರಪ್ರಿಯದವು, ಏಯೋಲಿಯನ್ ನಠಭೈರವಿಯವು. ಹಿಂದೂಸ್ತಾನಿ ಪದ್ಧತಿಯವರು ಇವನ್ನು ಬಿಲಾವಲ್, ಖಮಾಜ್, ಕಾಫಿ ಮತ್ತು ಆಸಾವರಿ ಥಾಟ್‌ಗಳೆಂದು ಓದಿಕೊಳ್ಳಬಹುದು. ಸ್ಕಾಟ್ಲೆಂಡಿನ ಅನೇಕ ಹಾಡುಗಳು ಐದೇ ಸ್ವರಗಳಲ್ಲಿ, ಮೋಹನದ ಸ್ವರಗಳಲ್ಲಿ, ಇರುವುದರಿಂದ ಅವು ನಮ್ಮ ಕಿವಿಗೆ ತಕ್ಷಣ ಪರಿಚಿತವೆನಿಸುತ್ತವೆ. ಸ್ಕಾಟ್ಲೆಂಡಿನ ದೊಡ್ಡ ಬ್ಯಾಗ್‌ಪೈಪಿಗೆ ಇರುವುದೇ ಒಂಬತ್ತು ಸ್ವರಸ್ಥಾನಗಳು. ಅದರ ನಿಷಾದ ಕೋಮಲವಾದ್ದರಿಂದ ಆ ವಾದ್ಯದ ಮಟ್ಟುಗಳಲ್ಲಿ ಹರಿಕಾಂಭೋಜಿಯ ಛಾಯೆ ಸದಾ ಇರುತ್ತದೆ.

ಆದರೆ ಸ್ವರಗಳು ಹೊಂದಿದ ಮಾತ್ರಕ್ಕೆ ಇವು ರಾಗಗಳಾಗುವುದಿಲ್ಲ. ಇಲ್ಲಿ ಆರೋಹಣ ಅವರೋಹಣಗಳ ಕಟ್ಟಳೆ ಇಲ್ಲ, ಜೀವಸ್ವರದ ಕಲ್ಪನೆ ಇಲ್ಲ, ವಿಸ್ತಾರದ ರೂಢಿಯೂ ಇಲ್ಲ. ಒಂದೇ ಮಟ್ಟಿನಲ್ಲಿ ಎರಡೂ ನಿಷಾದಗಳು ಬರಬಹುದು, ಮೊದಲ ಭಾಗ ಒಂದು ಷಡ್ಜದ ಮೇಲೆ ನಿಂತು ಎರಡನೆಯ ಭಾಗ ಬೇರೊಂದರ ಮೇಲೆ ನಿಲ್ಲಬಹುದು. ಸ್ವರಗಳನ್ನು ಗುರುತಿಸುವ ಊರುಗೋಲಾಗಿ ಮೇಳಗಳ ಹೆಸರನ್ನು ಬಳಸಿ, ಅಲ್ಲಿಗೆ ಬಿಟ್ಟುಬಿಡುವುದು ಒಳ್ಳೆಯದು.

ಹಂತ 5: ವಾದ್ಯದ ಆಯ್ಕೆ

ಹೊಸಬರಿಗೆ ನಾನು ನಿಸ್ಸಂಕೋಚವಾಗಿ ಹೇಳುವ ವಾದ್ಯ ಟಿನ್ ವಿಸಲ್, ಅದರಲ್ಲೂ ‘ಡಿ’ ಶ್ರುತಿಯದು. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡಿನಿಂದ ಇದನ್ನು ತಯಾರಿಸಲು ತೊಡಗಿದ ಮೇಲೆ ಬಡವರ ಮನೆಗೂ ತಲುಪಿದ ಈ ಆರು ರಂಧ್ರದ ಪೀಪಿ ಇಂದಿಗೂ ಅಗ್ಗವಾಗಿಯೇ ಇದೆ. ಆರೂ ರಂಧ್ರಗಳನ್ನು ಮುಚ್ಚಿ ಮೆಲ್ಲಗೆ ಊದಿದರೆ ಡಿ. ಅದನ್ನು ಷಡ್ಜವೆಂದುಕೊಂಡು ಕೆಳಗಿನಿಂದ ಒಂದೊಂದೇ ಬೆರಳನ್ನು ಎತ್ತುತ್ತ ಹೋದರೆ ಶಂಕರಾಭರಣದ ಆರೋಹಣ ಸಿಗುತ್ತದೆ. ಅದೇ ಬೆರಳುಗಳನ್ನಿಟ್ಟು ಉಸಿರನ್ನು ತುಸು ಒತ್ತಿದರೆ ಮೇಲಿನ ಸ್ಥಾಯಿ ಬರುತ್ತದೆ. ಮೊದಲ ರಂಧ್ರವನ್ನು ತೆರೆದು ಎರಡನೆಯ ಮತ್ತು ಮೂರನೆಯದನ್ನು ಮುಚ್ಚಿದರೆ ಕೋಮಲ ನಿಷಾದ. ಮೇಲಿನ ಮೂರು ರಂಧ್ರಗಳನ್ನು ಮಾತ್ರ ಮುಚ್ಚಿದಾಗ ಬರುವ ‘ಜಿ’ ಸ್ವರವನ್ನು ಷಡ್ಜವಾಗಿ ಹಿಡಿಯುವ ಮಟ್ಟುಗಳೂ ಅಷ್ಟೇ ಸಂಖ್ಯೆಯಲ್ಲಿವೆ. ಕರ್ನಾಟಕ ಶೈಲಿಯ ಕೊಳಲು ನುಡಿಸುವವರಿಗೆ ಮೇಲಿನ ಎರಡು ರಂಧ್ರಗಳನ್ನು ಮುಚ್ಚಿದಾಗ ಷಡ್ಜ ಬರುವುದು ರೂಢಿಯಾಗಿರುವುದರಿಂದ, ಮೊದಲ ಕೆಲವು ವಾರ ಬೆರಳುಗಳು ತಾವಾಗಿಯೇ ತಪ್ಪು ಜಾಗಕ್ಕೆ ಹೋಗುತ್ತವೆ. ಎರಡು ವಾದ್ಯಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಅಭ್ಯಾಸ ಮಾಡುವುದು ಪರಿಹಾರ.

ಪಿಟೀಲು ಕಲಿತವರು ಮೂರು ಸಂಗತಿಗಳನ್ನು ಬದಲಿಸಿಕೊಳ್ಳಬೇಕು. ತಂತಿಗಳನ್ನು ಷಡ್ಜ-ಪಂಚಮ-ಷಡ್ಜ-ಪಂಚಮದ ಶ್ರುತಿಯಿಂದ ಬಿಡಿಸಿ ಜಿ, ಡಿ, ಎ, ಇ ಎಂದು ಶ್ರುತಿ ಮಾಡಬೇಕು. ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ಹಿಡಿಯುವ ನಮ್ಮ ಭಂಗಿ ಉದ್ದ ಜಾರಿಕೆಗಳಿಗೆ ಹೇಳಿ ಮಾಡಿಸಿದ್ದು; ಇಲ್ಲಿ ಕುರ್ಚಿಯಲ್ಲಿ ಕೂತು ಭುಜದ ಮೇಲೆ ಹಿಡಿದರೆ ಕಮಾನಿಗೆ ಬೇಕಾದ ಚಿಕ್ಕ ಚುರುಕಿನ ಚಲನೆ ಸುಲಭ. ಎಲ್ಲಕ್ಕಿಂತ ಕಷ್ಟದ ಮೂರನೆಯದೆಂದರೆ ಎಡಗೈಯ ಗಮಕವನ್ನು ಬಿಟ್ಟು ಬಲಗೈಯ ಕಮಾನಿಗೆ ಕೆಲಸ ಕೊಡುವುದು, ಏಕೆಂದರೆ ಈ ಶೈಲಿಯ ಲಯವೆಲ್ಲ ಕಮಾನಿನಲ್ಲಿದೆ.

ಉಳಿದ ವಾದ್ಯಗಳನ್ನು ಕೇಳಿ ಗುರುತಿಸುವಷ್ಟು ತಿಳಿದರೆ ಸದ್ಯಕ್ಕೆ ಸಾಕು. ಇಲ್ಲನ್ ಪೈಪ್ಸ್ ಎಂಬ ಐರಿಷ್ ಚೀಲವಾದ್ಯಕ್ಕೆ ಬಾಯಿಂದ ಊದುವುದಿಲ್ಲ; ಮೊಣಕೈ ಕೆಳಗಿನ ತಿದಿಯಿಂದ ಗಾಳಿ ತುಂಬುತ್ತಾರೆ, ಆದ್ದರಿಂದ ಅದರ ದನಿ ಮನೆಯೊಳಗಿನ ಮೃದುವಾದ ದನಿ. ಮರದ ಕೊಳಲು ಐರಿಷ್ ಹಳ್ಳಿಗಳಿಗೆ ಬಂದದ್ದು 19ನೆಯ ಶತಮಾನದಲ್ಲಿ, ಯುರೋಪಿನ ಶಾಸ್ತ್ರೀಯ ವಾದಕರು ಬೋಮ್ ಎಂಬ ಕೀಲಿಪದ್ಧತಿಯ ಹೊಸ ಕೊಳಲನ್ನು ಹಿಡಿದು ತಮ್ಮ ಹಳೆಯವನ್ನು ಮಾರತೊಡಗಿದಾಗ. ಬೌರಾನ್ ಎಂಬ, ಬಳೆಯಾಕಾರದ ಚೌಕಟ್ಟಿಗೆ ಮೇಕೆ ಚರ್ಮ ಬಿಗಿದ ತಾಳವಾದ್ಯವು ಡಿಸೆಂಬರ್ 26ರ ಜಾನಪದ ಮೆರವಣಿಗೆಗಳಿಗೆ ಸೇರಿದ್ದದ್ದು, 1960ರ ದಶಕದಲ್ಲಿ ಸಂಗೀತ ಸಂಯೋಜಕ ಶಾನ್ ಓ ರಿಯಡ ತಮ್ಮ ವಾದ್ಯವೃಂದದಲ್ಲಿ ಬಳಸಿದ ಮೇಲೆ ವೇದಿಕೆಗೆ ಬಂತು. ಬುಝೂಕಿ ಗ್ರೀಸಿನಿಂದ ಅದೇ ದಶಕದಲ್ಲಿ ಬಂದ ತಂತಿವಾದ್ಯ. ಎಷ್ಟೋ ಮಂದಿ ಅನಾದಿಯದೆಂದು ನಂಬಿರುವ ಈ ವಾದ್ಯಮೇಳದ ಬಹುಭಾಗ ಹೀಗೆ ಇತ್ತೀಚಿನದು. ನಿಜವಾಗಿ ಹಳೆಯದು ಲೋಹದ ತಂತಿಯ ಹಾರ್ಪ್. ಅದರ ಪರಂಪರೆ ಅಳಿವಿನ ಅಂಚಿಗೆ ಬಂದಾಗ, 1792ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಉಳಿದಿದ್ದ ಹಾರ್ಪ್ ವಾದಕರನ್ನು ಕೂಡಿಸಿ, 19 ವರ್ಷದ ಎಡ್ವರ್ಡ್ ಬಂಟಿಂಗ್ ಎಂಬ ಆರ್ಗನ್ ವಾದಕನಿಂದ ಅವರ ಮಟ್ಟುಗಳನ್ನು ಬರೆಸಿಕೊಂಡರು.

ಹಂತ 6: ಒಂದು ಮಟ್ಟನ್ನು ಕಿವಿಯಿಂದ ಕಲಿಯುವುದು

ಮೊದಲ ಮಟ್ಟಾಗಿ ‘ಕೆಶ್ ಜಿಗ್’ ಎಂಬುದನ್ನು ಆರಿಸಿಕೊಳ್ಳಿ. ಅದು ಎಲ್ಲೆಡೆ ನುಡಿಸಲ್ಪಡುತ್ತದೆ, ನಿಧಾನಗತಿಯ ಮುದ್ರಣಗಳೂ ಸಿಗುತ್ತವೆ. ಕೆಲಸ ಹೀಗೆ ಸಾಗಲಿ. ಮೊದಲ ಕೆಲವು ದಿನ ವಾದ್ಯವನ್ನು ಮುಟ್ಟದೆ ಅದನ್ನೇ ಮತ್ತೆ ಮತ್ತೆ ಕೇಳಿ, ಗುನುಗಲು ಬರುವವರೆಗೆ. ಗುನುಗಲಾಗದ್ದನ್ನು ನುಡಿಸಲು ಹೋಗಬೇಡಿ. ಆಮೇಲೆ ತಾಳ ಹಾಕಿಕೊಂಡು ಸ್ವರ ಹೇಳಿ. ‘ಜಿ’ ಷಡ್ಜವಾಗಿ, ಮೊದಲ ಭಾಗದ ಸಾಮಾನ್ಯ ರೂಪ ಇದು:

ಸರಿಸ ಸರಿಗ | ರಿಗರಿ ರಿಗಪ | ದಪಪ ಸಪಪ | ದಪಗ ಪಗರಿ
ಸರಿಸ ಸರಿಗ | ರಿಗರಿ ರಿಗಪ | ದಪಪ ಸಪಗ | ರಿಸನಿ ಸ,,

ಪ್ರತಿ ಮೂರಕ್ಷರದ ಗುಂಪಿಗೆ ಒಂದು ಪೆಟ್ಟು. ಒಂದು ಸಾಲಿಗೆ ಆದಿತಾಳದ ಒಂದು ಆವರ್ತ. ಎರಡೂ ಸಾಲುಗಳ ಮೂರನೆಯ ಅಳತೆಯ ನಡುವೆ, ದಪಪ ಆದಮೇಲೆ ಬರುವ ಸ ತಾರಸ್ಥಾಯಿಯದು. ಕೊನೆಯ ನಿ ಮಂದ್ರದ್ದು. ಮಧ್ಯಮ ಒಮ್ಮೆಯೂ ಇಲ್ಲ, ನಿಷಾದ ಮುಕ್ತಾಯದಲ್ಲಿ ಮಾತ್ರ ಇಣುಕುತ್ತದೆ, ಆದ್ದರಿಂದ ಹಾಡಿಕೊಂಡರೆ ಮೋಹನವೇ ಎನಿಸುತ್ತದೆ. ಇದನ್ನು ಬರೆದುಕೊಟ್ಟಿರುವುದು ಕಿವಿಗೆ ಕೇಳಿದ್ದನ್ನು ಸರಿನೋಡಿಕೊಳ್ಳಲು. ಎರಡನೆಯ ಭಾಗವನ್ನು ನೀವೇ ಕೇಳಿ ಸ್ವರ ಹಾಕಿಕೊಳ್ಳಿ. ಅದೇ ಈ ಹಂತದ ಪರೀಕ್ಷೆ. ಅಂತರ್ಜಾಲದಲ್ಲಿ ಸಾವಿರಾರು ಮಟ್ಟುಗಳು ಎಬಿಸಿ ಎಂಬ ಅಕ್ಷರಲಿಪಿಯಲ್ಲಿ ಸಿಗುತ್ತವೆ, ಮತ್ತು ಸರಿಗಮ ಬರೆದು ರೂಢಿಯಿರುವವರಿಗೆ ಐದು ಗೆರೆಗಳ ಲಿಪಿಗಿಂತ ಅದು ಬೇಗ ಒಗ್ಗುತ್ತದೆ.

ವೇಗವನ್ನು ನಿಮಿಷಕ್ಕೆ 60 ಪೆಟ್ಟಿಗಿಂತ ಮೇಲೆ ಒಯ್ಯದೆ ಎರಡು ಸಾಲುಗಳು ನಿಲ್ಲದೆ ಬರುವಂತಾದ ಮೇಲೆ ಸ್ವರಾಲಂಕಾರಕ್ಕೆ ಕೈಹಾಕಬಹುದು. ಕಟ್ ಎಂದರೆ ಮೇಲಿನ ಬೆರಳೊಂದನ್ನು ಕ್ಷಣಾರ್ಧ ಎತ್ತಿ ಇಡುವುದು. ಸ್ವರವಾಗಿ ಕೇಳಿಸದಷ್ಟು ಚಿಕ್ಕದಾಗಿರಬೇಕು. ಟ್ಯಾಪ್ ಎಂದರೆ ಕೆಳಗಿನ ರಂಧ್ರವನ್ನು ಬೆರಳಿನಿಂದ ಬಡಿದು ತೆಗೆಯುವುದು. ಜಂಟಿವರಸೆಯ ಎರಡನೆಯ ಸ್ವರವನ್ನು ಕೆಳಗಿನಿಂದ ತಟ್ಟಿ ನುಡಿಸುವ ನಮ್ಮ ಸ್ಫುರಿತಕ್ಕೂ ಇದಕ್ಕೂ ಹತ್ತಿರದ ಹೋಲಿಕೆಯಿದೆ. ಎರಡನ್ನೂ ಸೇರಿಸಿದರೆ ರೋಲ್ ಆಗುತ್ತದೆ: ಒಂದೇ ಸ್ವರವನ್ನು ಒಂದೇ ಉಸಿರಿನಲ್ಲಿ ಮೂರು ಸಲ, ಎರಡನೆಯದಕ್ಕೆ ಮೇಲಿನಿಂದ ಕಟ್, ಮೂರನೆಯದಕ್ಕೆ ಕೆಳಗಿನಿಂದ ಟ್ಯಾಪ್. ಕೆಶ್ ಜಿಗ್‌ನಲ್ಲಿ ‘ಸರಿಸ’ ಬರುವಲ್ಲಿ ಷಡ್ಜದ ಮೇಲೆ, ‘ರಿಗರಿ’ ಬರುವಲ್ಲಿ ರಿಷಭದ ಮೇಲೆ ರೋಲ್ ಹಾಕುವುದು ವಾಡಿಕೆ. ಒಂದು ಸುತ್ತಿನಲ್ಲಿ ಹಾಕಿ, ಇನ್ನೊಂದರಲ್ಲಿ ಬಿಟ್ಟರೆ ಅದೇ ಈ ಸಂಗೀತದ ಮನೋಧರ್ಮ. ಇಲ್ಲಿ ಆಲಾಪನೆಗೆ ಎಡೆಯಿಲ್ಲ, ಬದಲಾವಣೆಗಳೆಲ್ಲ ಇಷ್ಟೇ ಸೂಕ್ಷ್ಮ.

ಕರ್ನಾಟಕ ಸಂಗೀತದವರು ಇಲ್ಲಿ ಎಡವುವುದು ಗಾಂಧಾರ, ನಿಷಾದಗಳನ್ನು ಕಂಪಿಸುವ ಅಭ್ಯಾಸದಿಂದ. ಅಲಂಕಾರಗಳ ಕೆಲಸ ಇಲ್ಲಿ ಲಯಕ್ಕೆ ಅಂಚು ಕಟ್ಟುವುದು, ಸ್ವರವನ್ನು ತೂಗಿಸುವುದಲ್ಲ.

ಹಂತ 7: ಕುಣಿತದಾಚೆಯ ಹಾಡನ್ನು ಕೇಳುವುದು

ಕುಣಿತದ ಮಟ್ಟುಗಳಲ್ಲೇ ನಿಂತರೆ ಈ ಸಂಗೀತದ ಇನ್ನೊಂದು ಮುಖ ಕಾಣದೇ ಹೋಗುತ್ತದೆ. ಪಶ್ಚಿಮ ಐರ್ಲೆಂಡಿನ ಕಾನಮಾರ ಪ್ರದೇಶದಲ್ಲಿ, ವಿಶೇಷವಾಗಿ ಕಾರ್ನ ಸುತ್ತಮುತ್ತ, ಶಾನ್-ನೋಸ್ ಎಂಬ ಗಾಯನ ಉಳಿದುಬಂದಿದೆ. ಐರಿಷ್ ಭಾಷೆಯಲ್ಲಿ, ಪಕ್ಕವಾದ್ಯವಿಲ್ಲದೆ, ಶ್ರುತಿಯೂ ಇಲ್ಲದೆ, ತಾಳದ ಕಟ್ಟನ್ನು ಬಿಟ್ಟು ಮಾತಿನ ಓಟಕ್ಕೆ ತಕ್ಕಂತೆ ಹಾಡುವ ಕ್ರಮ ಅದು. ನಮ್ಮಲ್ಲಿ ಕಾವ್ಯವಾಚನದ ಗಮಕಿಗಳನ್ನು ಕೇಳಿದವರಿಗೆ ಪದವೇ ಸ್ವರವನ್ನು ನಡೆಸುವ ಈ ಬಗೆ ಹೊಸದೆನಿಸಲಾರದು. ಕಾರ್ನ ಕಡೆಯ ಜೋ ಹೀನಿ (1919–1984) ಅವರ ಮುದ್ರಣಗಳಿಂದ ಆರಂಭಿಸಿ. ಅವರು ಕೊನೆಯ ವರ್ಷಗಳಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈ ಹಾಡುಗಳನ್ನು ಕಲಿಸಿದವರು. ವಾದ್ಯಗಾರರು ಸ್ಲೋ ಏರ್ ಎಂಬ ನಿಧಾನದ ಮಟ್ಟನ್ನು ನುಡಿಸುವಾಗ ಮನಸ್ಸಿನಲ್ಲಿಟ್ಟುಕೊಳ್ಳುವುದು ಇಂತಹ ಗಾಯನವನ್ನೇ. ಹಾಡನ್ನು ಕೇಳದೆ ಅಂತಹ ಮಟ್ಟನ್ನು ನುಡಿಸುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ.

ಹಂತ 8: ಸೆಷನ್‌ನಲ್ಲಿ ಕೂರುವ ಶಿಷ್ಟಾಚಾರ

ಪಬ್ಬಿನ ಮೂಲೆಯಲ್ಲಿ ವೃತ್ತಾಕಾರವಾಗಿ ಕೂತು ನುಡಿಸುವ ಸೆಷನ್ ಅನ್ನು ಶತಮಾನಗಳ ಪದ್ಧತಿ ಎಂದು ಪ್ರವಾಸೋದ್ಯಮದವರು ಹೇಳುತ್ತಾರಾದರೂ, ಇಂದಿನ ರೂಪದಲ್ಲಿ ಅದು ಬೆಳೆದದ್ದು ಎರಡನೆಯ ಮಹಾಯುದ್ಧದ ನಂತರ ಲಂಡನ್ನಿಗೆ ಕೂಲಿಗೆ ಬಂದ ಐರಿಷ್ ವಲಸಿಗರ ನಡುವೆ. ಅದಕ್ಕೂ ಮುಂಚೆ ಈ ಸಂಗೀತ ಅಡುಗೆಮನೆಗಳಲ್ಲಿ, ಕವಲುದಾರಿಗಳ ಕುಣಿತಗಳಲ್ಲಿ ಇತ್ತು. 1935ರ ನೃತ್ಯಶಾಲೆ ಕಾಯಿದೆ ಪರವಾನಗಿ ಇಲ್ಲದ ಕುಣಿತಗಳನ್ನು ಹತ್ತಿಕ್ಕಿದಾಗ ಅದು ದೊಡ್ಡ ಸಭಾಂಗಣಗಳಲ್ಲಿ ಕುಣಿತಕ್ಕೆ ನುಡಿಸುವ ಕೇಲಿ ಬ್ಯಾಂಡುಗಳಿಗೆ ಸರಿಯಿತು.

ಸೆಷನ್‌ಗೆ ಹೋಗುವ ಅವಕಾಶ ಸಿಕ್ಕರೆ (ಐರ್ಲೆಂಡ್, ಬ್ರಿಟನ್, ಅಮೆರಿಕಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಕಷ್ಟವೇನಲ್ಲ) ಮೊದಲ ಸಲ ವಾದ್ಯವನ್ನು ಚೀಲದಲ್ಲೇ ಇಟ್ಟು ಕೇಳಿ. ಎರಡನೆಯ ಸಲ ಕೂರಬಹುದೇ ಎಂದು ಕೇಳಿ ಕೂರಿ. ಗೊತ್ತಿಲ್ಲದ ಮಟ್ಟು ಬಂದಾಗ ಸುಮ್ಮನಿರಿ. ಅಂದಾಜಿನಲ್ಲಿ ಸ್ವರ ಹುಡುಕುತ್ತ ನುಡಿಸುವುದನ್ನು ಯಾರೂ ಸಹಿಸುವುದಿಲ್ಲ. ಬೌರಾನ್ ಒಂದೇ ಸಾಕು, ಎರಡನೆಯವರು ಕಾಯಬೇಕು. ಆಹ್ವಾನ ಬಂದಾಗ ನಿಮಗೆ ಖಚಿತವಾಗಿ ಬರುವ ಮಟ್ಟನ್ನು ನಿಮ್ಮ ವೇಗದಲ್ಲೇ ಆರಂಭಿಸಿ. ಉಳಿದವರು ಹಿಂದೆ ಬರುತ್ತಾರೆ.

ಹಂತ 9: ಮಟ್ಟಿನ ವಲಸೆಯನ್ನು ಹಿಂಬಾಲಿಸುವುದು

ಒಂದು ಮಟ್ಟು ಕೈಗೆ ಬಂದ ಮೇಲೆ, ಈ ಸಂಗೀತ ಬೇರೆ ಬೇರೆ ಜನರ ನಡುವೆ ಏನಾಯಿತು ಎಂದು ಕೇಳಿ ತಿಳಿಯುವ ಸಿದ್ಧತೆ ನಿಮಗಾಗಿರುತ್ತದೆ. ಪ್ರತಿ ಊರಿನಲ್ಲೂ ಮೂರೇ ಪ್ರಶ್ನೆ ಕೇಳಿಕೊಳ್ಳಿ: ಯಾವ ನಡೆ ಉಳಿಯಿತು, ಯಾವುದು ಬಿದ್ದುಹೋಯಿತು, ಯಾವ ಹೊಸ ವಾದ್ಯ ಸೇರಿತು.

ಮೊದಲು ಅಮೆರಿಕದ ನಗರಗಳು. ಕಾರ್ಕ್ ಜಿಲ್ಲೆಯಲ್ಲಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓನೀಲ್ ಶಿಕಾಗೊ ನಗರಕ್ಕೆ ವಲಸೆ ಬಂದು 1901ರಿಂದ 1905ರವರೆಗೆ ಅಲ್ಲಿನ ಪೊಲೀಸ್ ಮುಖ್ಯಸ್ಥರಾಗಿದ್ದರು. ಅವರಿಗೆ ನೂರಾರು ಮಟ್ಟುಗಳು ಬಾಯಲ್ಲಿದ್ದವು, ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಜೇಮ್ಸ್ ಓನೀಲ್ ಎಂಬ ಇನ್ನೊಬ್ಬ ಪೊಲೀಸ್ ಅಧಿಕಾರಿ ಕೇಳಿ ಬರೆದುಕೊಂಡರು. 1903ರಲ್ಲಿ ಹೊರಬಂದ ಅವರ ಸಂಗ್ರಹದಲ್ಲಿ 1,850 ಮಟ್ಟುಗಳಿದ್ದವು, ಮತ್ತು 1907ರ ಕುಣಿತದ ಮಟ್ಟುಗಳ ಸಂಗ್ರಹ ಇಂದಿಗೂ ವಾದಕರ ಕೈಪಿಡಿ. ಆಮೇಲೆ ಗ್ರಾಮಫೋನ್ ಬಂತು. ಸ್ಲೈಗೊ ಜಿಲ್ಲೆಯ ಪಿಟೀಲುಗಾರ ಮೈಕಲ್ ಕೋಲ್ಮನ್ (1891–1945) ನ್ಯೂಯಾರ್ಕಿನಲ್ಲಿ 1920 ಮತ್ತು 30ರ ದಶಕಗಳಲ್ಲಿ ನುಡಿಸಿದ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳು ಹಡಗೇರಿ ಐರ್ಲೆಂಡಿಗೆ ಮರಳಿದವು. ಅಲ್ಲಿನ ಹಳ್ಳಿಗಳ ವಾದಕರು ತಮ್ಮ ಊರಿನ ಶೈಲಿಯನ್ನು ಬದಿಗಿಟ್ಟು ಸ್ಲೈಗೊದ ಜಿಗಿತವನ್ನೂ ಕೋಲ್ಮನ್ ಕಟ್ಟಿದ ಸೆಟ್‌ಗಳನ್ನೂ ಅನುಕರಿಸಿದರು. ವಲಸೆ ಹೋದ ಸಂಗೀತ ಮನೆಗೆ ಮರಳಿ ಮನೆಯವರನ್ನೇ ಬದಲಿಸಿದ ಪ್ರಸಂಗ ಇದು. ಈ ಒತ್ತಡಕ್ಕೆ ಪೂರ್ತಿ ಬಗ್ಗದ ಡೊನೆಗಾಲ್, ಕ್ಲೇರ್ ಶೈಲಿಗಳನ್ನು ಕೋಲ್ಮನ್ ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಡೊನೆಗಾಲಿನಲ್ಲಿ ಪ್ರತಿ ಸ್ವರಕ್ಕೂ ಬೇರೆ ಕಮಾನು, ಸ್ಕಾಟ್ಲೆಂಡಿನ ನೆರೆಯ ಪ್ರಭಾವ, ಕ್ಲೇರಿನಲ್ಲಿ ಕನ್ಸರ್ಟಿನ ಎಂಬ ಚಿಕ್ಕ ಕೈತಿದಿಯ ವಾದ್ಯ ಮತ್ತು ಬಿಡುವಾದ ವೇಗ.

ಅಪಲೇಚಿಯನ್ ಬೆಟ್ಟಗಳಲ್ಲಿ ಕತೆ ಬೇರೆ. 18ನೆಯ ಶತಮಾನದಲ್ಲಿ ಉತ್ತರ ಐರ್ಲೆಂಡಿನ ಅಲ್ಸ್ಟರಿನಿಂದ ಹೋದ ಸ್ಕಾಟ್ ಮೂಲದವರ ಪಿಟೀಲು, ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರ ಬ್ಯಾಂಜೊ ಜೊತೆ ಸೇರಿತು. ರೀಲ್ ಉಳಿಯಿತು, ಜಿಗ್ ಬಹುತೇಕ ಕಣ್ಮರೆಯಾಯಿತು. ರೋಲ್‌ಗಳು ಹೋಗಿ, ಎರಡು ತಂತಿಗಳನ್ನು ಒಟ್ಟಿಗೆ ಉಜ್ಜುವ ಗುಂಗು ಮತ್ತು ಕಮಾನಿನ ಕುಲುಕು ಬಂದವು. ಒಂದೇ ಮಟ್ಟನ್ನು ಸೆಟ್ ಕಟ್ಟದೆ ಹತ್ತು ನಿಮಿಷ ನುಡಿಸುವುದೂ ಅಲ್ಲಿ ಸಾಮಾನ್ಯ. ಮುಂದೆ 1840ರ ದಶಕದಲ್ಲಿ ಅಮೆರಿಕದ ರಂಗತಂಡಗಳೊಂದಿಗೆ ಬ್ಯಾಂಜೊ ಐರ್ಲೆಂಡಿಗೂ ದಾಟಿತು. ಇಂದು ಐರಿಷ್ ಎನಿಸಿಕೊಂಡಿರುವ ನಾಲ್ಕು ತಂತಿಯ ಬ್ಯಾಂಜೊಗೆ ಬೇರು ಆಫ್ರಿಕದಲ್ಲಿದೆ ಎಂಬುದನ್ನು ಮರೆಯಬಾರದು.

ಕೆನಡಾದ ಕೇಪ್ ಬ್ರೆಟನ್ ದ್ವೀಪಕ್ಕೆ 18ನೆಯ ಶತಮಾನದ ಕೊನೆ ಮತ್ತು 19ರ ಮೊದಲಾರ್ಧದಲ್ಲಿ, ಜಮೀನ್ದಾರರು ಒಕ್ಕಲೆಬ್ಬಿಸಿದ ಸ್ಕಾಟ್ಲೆಂಡಿನ ಬೆಟ್ಟದ ಜನ ತಮ್ಮ ಗೇಲಿಕ್ ಭಾಷೆಯೊಂದಿಗೆ ಬಂದರು. ಅಲ್ಲಿ ಪಿಟೀಲಿಗೆ ಪಿಯಾನೊ ಜೊತೆಯಾಯಿತು. ಸ್ಟ್ರಾತ್‌ಸ್ಪೇಯಿಂದ ರೀಲಿಗೆ ಏರುವ ಕ್ರಮವೂ ಹೆಜ್ಜೆಕುಣಿತವೂ ಉಳಿದವು. 1971ರಲ್ಲಿ ಕೆನಡಾದ ಸಾರ್ವಜನಿಕ ದೂರದರ್ಶನದ ಸಾಕ್ಷ್ಯಚಿತ್ರವೊಂದು ಇಲ್ಲಿನ ಪಿಟೀಲುಗಾರರು ಮರೆಯಾಗುತ್ತಿದ್ದಾರೆ ಎಂದಾಗ ದ್ವೀಪದವರು ಕೆರಳಿ, 1973ರಲ್ಲಿ ಗ್ಲೆಂಡೇಲ್ ಎಂಬಲ್ಲಿ ಪಿಟೀಲುಗಾರರ ಭಾರಿ ಮೇಳವನ್ನೇ ಕೂಡಿಸಿದರು. ಸ್ಕಾಟ್ಲೆಂಡಿನಲ್ಲಿ ಬಹುತೇಕ ಮರೆತುಹೋಗಿದ್ದ ಆ ಹೆಜ್ಜೆಕುಣಿತವನ್ನು ಮುಂದೆ ಅಲ್ಲಿಯವರು ಕೇಪ್ ಬ್ರೆಟನ್ ಕಲಾವಿದರಿಂದಲೇ ಮತ್ತೆ ಕಲಿತರು.

ಬ್ರಿಟನಿಯಲ್ಲಿ ಬೊಂಬಾರ್ಡ್ ಎಂಬ ವಾದ್ಯವನ್ನು ಕೇಳಿದಾಗ ನಮಗೆ ವಾಲಗದ ನೆನಪಾಗುವುದು ಸಹಜ, ಏಕೆಂದರೆ ಅದೂ ಜೋಡಿ ನಾಲಗೆಯ ಊದುವಾದ್ಯ. ಅದರ ಜೊತೆಗೆ ಬಿನ್ಯೂ ಎಂಬ ಚಿಕ್ಕ ಚೀಲವಾದ್ಯ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಒಬ್ಬರ ಸಾಲಿನ ಬಾಲವನ್ನು ಇನ್ನೊಬ್ಬರು ಹಿಡಿದು ಮುಂದುವರಿಸುವ ಈ ಕ್ರಮವನ್ನು ಅಲ್ಲಿನ ಜೋಡಿ ಹಾಡುಗಾರರೂ ಪಾಲಿಸುತ್ತಾರೆ. ರಾತ್ರಿಯಿಡೀ ನಡೆಯುವ ಅಲ್ಲಿನ ಕುಣಿತದ ಕೂಟ, ಫೆಸ್ಟ್-ನೋಸ್, 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇಲ್ಲನ್ ಪೈಪ್ಸ್ ವಾದನ ಸೇರಿದ್ದು 2017ರಲ್ಲಿ, ಐರಿಷ್ ಹಾರ್ಪ್ 2019ರಲ್ಲಿ. ಗಲೀಸಿಯಾದ ಮುಯ್ನ್ಯೇರ ಕುಣಿತ ತಕಿಟದ ನಡೆಯಲ್ಲೇ ಇರುವುದರಿಂದ ಜಿಗ್ ಬಲ್ಲವರು ಅದನ್ನು ಬೇಗ ಹಿಡಿಯುತ್ತಾರೆ. ಆಕರಗಳಿಗಾಗಿ ಡಬ್ಲಿನ್‌ನಲ್ಲಿ 1987ರಿಂದ ಇರುವ ಐರಿಷ್ ಸಾಂಪ್ರದಾಯಿಕ ಸಂಗೀತ ಸಂಗ್ರಹಾಲಯ ಮತ್ತು ಸ್ಕಾಟ್ಲೆಂಡಿನ ಟೋಬರ್ ಅನ್ ಡುವಾಲ್ಕಸ್ ಜಾಲತಾಣಗಳಲ್ಲಿ ಹಳ್ಳಿಗಾಡಿನ ಮುದ್ರಣಗಳನ್ನು ಉಚಿತವಾಗಿ ಕೇಳಬಹುದು.

ಹಂತ 10: ಭಾರತದ ಕವಲನ್ನು ಕೇಳುವುದು

ಸ್ಕಾಟಿಷ್ ರೆಜಿಮೆಂಟುಗಳೊಂದಿಗೆ ಬಂದ ಬ್ಯಾಗ್‌ಪೈಪ್ ಭಾರತೀಯ ಸೇನೆಯ ಪೈಪ್ ಬ್ಯಾಂಡುಗಳಲ್ಲಿ ಉಳಿದದ್ದಷ್ಟೇ ಅಲ್ಲದೆ, ಗಢವಾಲ್ ಮತ್ತು ಕುಮಾವೂಁ ಬೆಟ್ಟಗಳಲ್ಲಿ ಮಶಕ್‌ಬೀನ್ ಎಂಬ ಹೆಸರಿನಲ್ಲಿ ಢೋಲ್ ಜೊತೆಗೆ ಮದುವೆ ದಿಬ್ಬಣಗಳ ವಾದ್ಯವಾಯಿತು. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು ಇಂಗ್ಲೆಂಡಿನಿಂದ ಮರಳಿದ ಮೇಲೆ 1881 ಮತ್ತು 1882ರ ತಮ್ಮ ಗೀತನಾಟಕಗಳಲ್ಲಿ ಐರಿಷ್ ಮತ್ತು ಸ್ಕಾಟಿಷ್ ಮಟ್ಟುಗಳಿಗೆ ಬಂಗಾಳಿ ಸಾಹಿತ್ಯ ಕೂಡಿಸಿದರು.

ಅದಕ್ಕೂ ಮೊದಲೇ ದಕ್ಷಿಣದಲ್ಲಿ ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನ ಕೋಟೆಯ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದ್ದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ನೋಟುಸ್ವರವೆಂದು ಕರ್ನಾಟಕದ ಸಂಗೀತ ಪಾಠಗಳಲ್ಲಿ ಮಕ್ಕಳಿಗೆ ಇಂದಿಗೂ ಕಲಿಸುವ ಆ ಶಂಕರಾಭರಣದ ರಚನೆಗಳಲ್ಲಿ, ‘ವಂದೇ ಮೀನಾಕ್ಷಿ’ಗೆ ‘ಲಿಮರಿಕ್’ ಎಂಬ ಐರಿಷ್ ಮಟ್ಟನ್ನೂ ‘ಜಗದೀಶ ಗುರುಗುಹ’ಕ್ಕೆ ಲಾರ್ಡ್ ಮ್ಯಾಕ್‌ಡೊನಾಲ್ಡ್ ಹೆಸರಿನ ಸ್ಕಾಟಿಷ್ ರೀಲನ್ನೂ ಮೂಲವಾಗಿ ಸಂಶೋಧಕರು ಗುರುತಿಸಿದ್ದಾರೆ. ಇವುಗಳಲ್ಲಿ ಒಂದನ್ನು ಗಮಕವಿಲ್ಲದೆ, ಪಾಠದಲ್ಲಿ ಬಂದಂತೆಯೇ ಹಾಡಿ ಮುದ್ರಿಸಿಕೊಳ್ಳಿ. ಬಳಿಕ ಆ ಮೂಲ ಮಟ್ಟನ್ನು ಪಿಟೀಲಿನಲ್ಲೋ ಪೈಪ್‌ನಲ್ಲೋ ನುಡಿಸಿರುವ ಮುದ್ರಣವನ್ನು ಹುಡುಕಿ, ಎರಡಕ್ಕೂ ಒಂದೇ ವೇಗದಲ್ಲಿ ತಾಳ ಹಾಕುತ್ತ, ದೀಕ್ಷಿತರ ಸಂಸ್ಕೃತದ ದೀರ್ಘಾಕ್ಷರಗಳು ಎಲ್ಲಿ ರೀಲ್‌ನ ಓಡುವ ಸ್ವರಗಳನ್ನು ನುಂಗಿಕೊಂಡಿವೆ, ಎಲ್ಲಿ ಹಾಗೆಯೇ ಬಿಟ್ಟುಕೊಟ್ಟಿವೆ ಎಂದು ಅಳತೆ ಅಳತೆಗೂ ಗುರುತು ಹಾಕಿಕೊಳ್ಳುತ್ತ ಹೋಗಿ.